ಸ್ಕ್ರೂಡ್ರೈವರ್ ಹಿಡಿಯುವ ಮೊದಲು: ಲ್ಯಾಪ್‌ಟಾಪಿಗೆ ಮನೆಯಲ್ಲೇ ರ‍್ಯಾಮ್ ಸೇರಿಸುವುದು

ಲ್ಯಾಪ್‌ಟಾಪ್ ನಿಧಾನ ಎಂದು ಬಾಯಿಬಿಟ್ಟರೆ ಸಾಕು, ಪಕ್ಕದಲ್ಲಿದ್ದವರು ‘ರ‍್ಯಾಮ್ ಹಾಕ್ಸಿ, ಸರಿಹೋಗುತ್ತೆ’ ಅನ್ನುತ್ತಾರೆ. ಕೆಲವು ಸಲ ಸರಿಹೋಗುತ್ತದೆ, ಕೆಲವು ಸಲ ದುಡ್ಡು ದಂಡ. ರ‍್ಯಾಮ್ ಕೂರಿಸುವುದು ಅರ್ಧ ಗಂಟೆಯೊಳಗಿನ ಕೆಲಸ. ಅದು ನಿಜಕ್ಕೂ ಬೇಕೇ, ಬೇಕಿದ್ದರೆ ಯಾವುದು, ಅದಕ್ಕೆ ಒಳಗೆ ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳುವುದರಲ್ಲಿಯೇ ಅಸಲಿ ಕೆಲಸ ಇರುವುದು.

ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ಪರ್ಫಾರ್ಮೆನ್ಸ್ ವಿಭಾಗದ ಮೆಮೊರಿ ಪುಟವನ್ನು ತೆರೆದಿಟ್ಟು, ದಿನವೂ ಮಾಡುವ ಕೆಲಸವನ್ನೇ ಮಾಡಿ: ಕ್ರೋಮ್‌ನಲ್ಲಿ ಹತ್ತಾರು ಟ್ಯಾಬ್, ಒಂದು ಎಕ್ಸೆಲ್ ಕಡತ, ಜೊತೆಗೊಂದು ವಿಡಿಯೊ ಮೀಟಿಂಗ್. ಬಳಕೆ ಶೇ 85–90ರಿಂದ ಕೆಳಗಿಳಿಯುತ್ತಲೇ ಇಲ್ಲವಾದರೆ ಮೆಮೊರಿ ಸಾಲುತ್ತಿಲ್ಲ. ರ‍್ಯಾಮ್ ತುಂಬಿದಾಗ ವಿಂಡೋಸ್ ಸದ್ಯಕ್ಕೆ ಬೇಡದ ದತ್ತಾಂಶವನ್ನು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ಮತ್ತೆ ಎಳೆದು ತರುತ್ತದೆ. ರ‍್ಯಾಮಿಗಿಂತ ಡಿಸ್ಕ್ ಎಷ್ಟೋ ಪಟ್ಟು ನಿಧಾನ. ಟ್ಯಾಬ್ ಬದಲಿಸಿದಾಗ ಯಂತ್ರ ತಡವರಿಸುವುದು ಈ ಸಾಗಾಟದಿಂದಲೇ.

ಮೆಮೊರಿ ಅರ್ಧ ಖಾಲಿಯಿದ್ದು, ಡಿಸ್ಕ್ ಮಾತ್ರ ಸದಾ ಶೇ 100 ತೋರಿಸುತ್ತಿದ್ದರೆ? ಒಳಗಿರುವುದು ಹಳೆಯ, ತಿರುಗುವ ಹಾರ್ಡ್ ಡಿಸ್ಕ್ ಆಗಿರುವ ಸಂಭವ ಹೆಚ್ಚು. ಆಗ ರ‍್ಯಾಮಿನ ಯೋಚನೆ ಬಿಟ್ಟು ಎಸ್‌ಎಸ್‌ಡಿ ಹಾಕಿಸಿ.

ಅದೇ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್‌ಗಳಿವೆ, ಎಷ್ಟು ಬಳಕೆಯಲ್ಲಿವೆ ಎಂದೂ ಬರೆದಿರುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಬೋರ್ಡಿಗೆ ಬೆಸುಗೆ ಹಾಕಿದ ಚಿಪ್‌ಗಳನ್ನೂ ಅದು ಕೆಲವೊಮ್ಮೆ ಸ್ಲಾಟ್ ಎಂದೇ ಎಣಿಸುತ್ತದೆ. ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾದರಿ ಸಂಖ್ಯೆ ನೋಡಿ, ತಯಾರಕರ ಸರ್ವಿಸ್ ಮ್ಯಾನುಯಲ್ ತೆರೆಯುವುದು ಮೇಲು. ಗರಿಷ್ಠ ಎಷ್ಟು ಜಿಬಿ ಹಾಕಬಹುದು, ಯಾವ ಸ್ಕ್ರೂ ಎಲ್ಲಿದೆ ಎಂಬುದೂ ಅಲ್ಲೇ ಸಿಗುತ್ತದೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅನೇಕವಕ್ಕೆ ಸ್ಲಾಟೇ ಇರುವುದಿಲ್ಲ. 2020ರ ಎಂ1ನಿಂದ ಈಚಿನ ಮ್ಯಾಕ್‌ಬುಕ್‌ಗಳಲ್ಲಂತೂ ಮೆಮೊರಿ ಪ್ರೊಸೆಸರಿನ ಪ್ಯಾಕೇಜಿನೊಳಗೇ ಕೂತಿದೆ. ಇಂಥವುಗಳಿಗೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಕೊಳ್ಳುವಾಗಲೇ ಎರಡು ಸಲ ಯೋಚಿಸಬೇಕಿತ್ತು.

ಸ್ಲಾಟ್ ಇದೆ ಎಂದಾದರೆ ರ‍್ಯಾಮಿನ ತಲೆಮಾರು ನೋಡಿ. ಲ್ಯಾಪ್‌ಟಾಪಿನ ಡಿಡಿಆರ್3 ಪಟ್ಟಿಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ವೋಲ್ಟೇಜೂ ಬೇರೆ: ಡಿಡಿಆರ್4 ನಡೆಯುವುದು 1.2 ವೋಲ್ಟ್‌ನಲ್ಲಿ, ಡಿಡಿಆರ್5 1.1ರಲ್ಲಿ. ಒಂದರ ಜಾಗಕ್ಕೆ ಇನ್ನೊಂದನ್ನು ತುರುಕದಂತೆ ಅಂಚಿನ ಕಚ್ಚನ್ನೂ ಬೇರೆಬೇರೆ ಕಡೆ ಇಟ್ಟಿದ್ದಾರೆ. ಹೊಸ ಪಟ್ಟಿ ಕೂರದಿದ್ದರೆ ಬಲ ಹಾಕಬೇಡಿ, ಡಬ್ಬಿಯ ಮೇಲಿನ ಬರಹ ಓದಿ. ವೇಗದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ. 2666ರ ಜೊತೆ 3200 ಹಾಕಿದರೆ ಸಾಮಾನ್ಯವಾಗಿ ಎರಡೂ 2666ರಲ್ಲೇ ಓಡುತ್ತವೆ. ಅಳತೆಯೂ ಅಷ್ಟೇ, 8ರ ಪಕ್ಕ 16 ಜಿಬಿ ನಡೆಯುತ್ತದೆ. ಆದರೂ ಸಮಜೋಡಿಯಾದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಮೆಮೊರಿಯನ್ನು ಮುಟ್ಟುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಇದರ ಲಾಭ ಕಣ್ಣಿಗೆ ಕಾಣುತ್ತದೆ, ಏಕೆಂದರೆ ಅಲ್ಲಿ ಪರದೆಯ ಚಿತ್ರವೂ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ.

ಬೆಲೆಯ ಮಾತು ಬೇಸರದ್ದು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿ 2025ರ ಕೊನೆಯ ತಿಂಗಳುಗಳಲ್ಲಿ ದರ ಜೋರಾಗಿ ಏರಿತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಪಟ್ಟಿಯನ್ನು ಕೀಳಾಗಿ ಕಾಣಬೇಕಿಲ್ಲ. ರ‍್ಯಾಮಿನಲ್ಲಿ ಸವೆಯುವ ಭಾಗವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೊಳ್ಳುವುದಾದರೆ ಹಳೆಯ ಪಟ್ಟಿಯ ಚೀಟಿಯ ಫೋಟೊ ಜೊತೆಗಿರಲಿ, ಬದಲಿಸಿಕೊಡುವ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಇನ್ನು ಬಿಚ್ಚುವುದು. ವಾರಂಟಿ ಇದ್ದರೆ ಅದರ ಷರತ್ತು ಮೊದಲು ಓದಿ. ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಕೊಟ್ಟರೆ ವಿಂಡೋಸ್ ಪೂರ್ತಿ ಆರುತ್ತದೆ. ಬರೀ ಮುಚ್ಚಳ ಹಾಕಿದರೆ ನಿದ್ದೆ ಹೋಗಿರುತ್ತದೆ ಅಷ್ಟೆ. ಚಾರ್ಜರ್ ಕಿತ್ತು, ಸಣ್ಣ ಸ್ಟಾರ್ ಸ್ಕ್ರೂಡ್ರೈವರಿನಿಂದ ಅಡಿಯ ಸ್ಕ್ರೂಗಳನ್ನು ತೆಗೆಯಿರಿ. ಒಂದೆರಡು ರಬ್ಬರ್ ಕಾಲುಗಳ ಕೆಳಗೆ ಅಡಗಿರಬಹುದು. ಉದ್ದ ಒಂದೊಂದರದು ಒಂದೊಂದು. ಉದ್ದದ್ದನ್ನು ಗಿಡ್ಡದರ ತೂತಿಗೆ ತಿರುಗಿಸಿದರೆ ಮೇಲುಭಾಗಕ್ಕೆ ಪೆಟ್ಟಾಗುತ್ತದೆ. ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಗೀಚಿ, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಇಡಿ. ಮುಚ್ಚಳ ಮೀಟಲು ಹಳೆಯ ಎಟಿಎಂ ಕಾರ್ಡ್ ಸಾಕು, ಚಾಕು ಬೇಡ. ತೆರೆದೊಡನೆ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಬಣ್ಣ ಬಳಿಯದ ಲೋಹದ ವಸ್ತುವನ್ನು ಒಮ್ಮೆ ಮುಟ್ಟಿ, ಮೈಮೇಲಿನ ಸ್ಥಿರ ವಿದ್ಯುತ್ ಹೋಗಲಿ. ಕರಾವಳಿಯ ತೇವದ ಹವೆಯಲ್ಲಿ ಇದರ ಕಾಟ ಕಡಿಮೆ. ಬಯಲುಸೀಮೆಯ ಒಣ ಚಳಿಗಾಲದಲ್ಲಿ, ಅದರಲ್ಲೂ ಉಣ್ಣೆಯ ಸ್ವೆಟರ್ ತೊಟ್ಟು ಕೂತರೆ, ಎಚ್ಚರ ಬೇಕು.

ಪಟ್ಟಿಯ ಎರಡು ಬದಿಯ ಕ್ಲಿಪ್‌ಗಳನ್ನು ಹೊರಕ್ಕೆ ಸರಿಸಿದರೆ ಅದು ತಾನಾಗಿ ಓರೆಯಾಗಿ ಮೇಲೇಳುತ್ತದೆ. ಹೊಸದನ್ನು ಅಂಚು ಹಿಡಿದು, ಅದೇ ಓರೆಯಲ್ಲಿ, ಚಿನ್ನದ ಬಣ್ಣದ ಪಿನ್‌ಗಳು ಹೆಚ್ಚುಕಡಿಮೆ ಮರೆಯಾಗುವವರೆಗೆ ಒಳಕ್ಕೆ ನೂಕಿ. ಆಮೇಲೆ ಕೆಳಕ್ಕೆ ಒತ್ತಿ. ಎರಡೂ ಕ್ಲಿಪ್ ‘ಟಕ್’ ಎನ್ನಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಪೂರ್ತಿ ಒಳಹೋಗುವ ಮೊದಲೇ ಒತ್ತಿಬಿಡುತ್ತಾರೆ.

ಬ್ಯಾಟರಿ ಜೋಡಿಸಿ, ಎಲ್ಲ ಸ್ಕ್ರೂ ಬಿಗಿಯುವ ಮೊದಲೇ ಒಮ್ಮೆ ಆನ್ ಮಾಡಿ ನೋಡಿ. ಡಿಡಿಆರ್5 ಯಂತ್ರ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ನಿಲ್ಲಬಹುದು. ಅದು ಹೊಸ ಮೆಮೊರಿಗೆ ತನ್ನನ್ನು ಹೊಂದಿಸಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಆರಿಸಬೇಡಿ. ಆಮೇಲೂ ಬರದಿದ್ದರೆ ಪಟ್ಟಿ ತೆಗೆದು ಮತ್ತೆ ಕೂರಿಸಿ. ಬಂದ ಮೇಲೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ. ಒಂದೇ ಒಂದು ದೋಷ ತೋರಿಸಿದರೂ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಮತ್ತೆ ಪರೀಕ್ಷಿಸಿ. ಕೆಟ್ಟದ್ದು ಯಾವುದೆಂದು ಗೊತ್ತಾದರೆ, ಬದಲಿಸಿಕೊಡುವ ಗಡುವು ಮುಗಿಯುವುದರೊಳಗೆ ಅಂಗಡಿಗೆ ತಲುಪಿಸಿ.