ಚಂದ್ರತಾಲದ ಬಳಿ ಒಂದು ರಾತ್ರಿ

ಪಾತ್ರೆಯಲ್ಲಿ ನೀರು ಕೊತಕೊತನೆ ಕುದಿಯುತ್ತಿತ್ತು. ಒಲೆ ಹಚ್ಚಿ ಮುಕ್ಕಾಲು ಗಂಟೆ ಕಳೆದಿದ್ದರೂ ಅಕ್ಕಿ ಮಾತ್ರ ಬೇಯಲೊಲ್ಲದು. ಅಗುಳೊಂದನ್ನು ಹಿಸುಕಿ ನೋಡಿದರೆ ನಡುವೆ ಇನ್ನೂ ಗಟ್ಟಿ. “ಉರಿ ಸಾಲದು ಸರ್, ಇನ್ನಷ್ಟು ಹೆಚ್ಚಿಸೋಣವೆ?” ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಶಿಬಿರದ ಅಡಿಗೆಯವನು ನಕ್ಕು, ಮೂಲೆಯಲ್ಲಿದ್ದ ಪ್ರೆಷರ್ ಕುಕ್ಕರನ್ನು ತಂದು ನಮ್ಮ ಮುಂದಿಟ್ಟ. ಭೌತಶಾಸ್ತ್ರದ ಅಧ್ಯಾಪಕರಾದ ನಾವು ಕೊಡಬೇಕಾಗಿದ್ದ ವಿವರಣೆಯನ್ನು ಅವನು ಮಾತಿಲ್ಲದೆಯೇ ಕೊಟ್ಟಿದ್ದ.

ಇದು ನಡೆದುದು 2019ರ ಸೆಪ್ಟೆಂಬರಿನಲ್ಲಿ, ಹಿಮಾಚಲ ಪ್ರದೇಶದ ಸ್ಪಿತಿ ಸೀಮೆಯ ಚಂದ್ರತಾಲ ಸರೋವರದ ಬಳಿ. ಆರು ಮಂದಿ ಬಿ.ಎಸ್‌ಸಿ. ವಿದ್ಯಾರ್ಥಿಗಳೊಡನೆ ನಾವು ಅಲ್ಲಿಗೆ ಹೋಗಿದ್ದೆವು. ಸಮುದ್ರಮಟ್ಟದಿಂದ ಸುಮಾರು 4,250 ಮೀಟರ್ ಎತ್ತರದಲ್ಲಿ, ಬೋಳು ಬೆಟ್ಟಗಳ ನಡುವೆ, ಬಾಲಚಂದ್ರನಂತೆ ಬಾಗಿ ಮಲಗಿರುವ ನೀಲಿ ಸರೋವರವದು. ಅದರ ಹೆಸರಿಗೂ ಆ ಆಕಾರವೇ ಕಾರಣ. 2005ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂದು ಮನ್ನಣೆ ಪಡೆದ ಈ ಸರೋವರದ ದಡದಲ್ಲಿ ಡೇರೆ ಹೂಡುವಂತಿಲ್ಲ. ಕೆಲವು ಕಿಲೋಮೀಟರ್ ಈಚೆಗೆ ಸಾಲಾಗಿ ನಿಂತ ಕ್ಯಾನ್ವಾಸ್ ಡೇರೆಗಳೇ ಪ್ರವಾಸಿಗಳ ವಸತಿ. ವಿದ್ಯುತ್ತಿನ ತಂತಿಯಿಲ್ಲ, ದೂರವಾಣಿಯ ಸಂಪರ್ಕವಿಲ್ಲ, ಕೊಳಾಯಿಯಿಲ್ಲ. ಒಂದು ಕಂಬಳಿ, ಒಂದು ಬಕೆಟ್ ನೀರು, ಒಂದು ಲಾಟೀನು: ಇಷ್ಟೇ ಅಲ್ಲಿನ ಐಶ್ವರ್ಯ. ಆದರೆ ನಮಗೆ ಅಲ್ಲಿ ನಿಜವಾಗಿ ಕೊರತೆಯಾದುದು ಇವಾವುವೂ ಅಲ್ಲ, ಗಾಳಿ.

ಗಾಳಿಯ ಕೊರತೆ

ನಾವೆಲ್ಲರೂ ಗಾಳಿಯ ಕಡಲೊಂದರ ತಳದಲ್ಲಿ ಬಾಳುತ್ತಿದ್ದೇವೆ. ಮೇಲೇರಿದಂತೆಲ್ಲ ತಲೆಯ ಮೇಲಿನ ಗಾಳಿ ಕಡಮೆಯಾಗಿ, ಅದರ ಒತ್ತಡವೂ ಇಳಿಯುತ್ತದೆ. 1648ರಲ್ಲಿ ಫ್ರಾನ್ಸಿನ ಪಾಸ್ಕಲನ ಕೋರಿಕೆಯಂತೆ ಅವನ ಭಾವ ಪೆರಿಯೆ ಪಾದರಸದ ನಳಿಕೆಯನ್ನು ಬೆಟ್ಟದ ಮೇಲಕ್ಕೆ ಹೊತ್ತು, ಪಾದರಸದ ಮಟ್ಟ ಇಳಿಯುವುದನ್ನು ಕಣ್ಣಾರೆ ಕಂಡ. ಸಮುದ್ರಮಟ್ಟದಲ್ಲಿ ಈ ವಾಯುಭಾರ 760 ಮಿಲಿಮೀಟರ್ ಪಾದರಸದಷ್ಟಿದ್ದರೆ, ಚಂದ್ರತಾಲದ ಎತ್ತರದಲ್ಲಿ ಸುಮಾರು 450 ಮಿಲಿಮೀಟರ್ ಮಾತ್ರ. ಎಂದರೆ ಶೇಕಡ 40ರಷ್ಟು ಗಾಳಿಯನ್ನು ನಾವು ಕೆಳಗೇ ಬಿಟ್ಟು ಬಂದಿದ್ದೆವು.

ನೀರಿನ ಆವಿಯ ಒತ್ತಡವು ಹೊರಗಿನ ವಾಯುಭಾರಕ್ಕೆ ಸಮನಾದಾಗ ನೀರು ಕುದಿಯುತ್ತದೆ. ವಾಯುಭಾರ ಕಡಮೆಯಾದರೆ ಕುದಿಬಿಂದುವೂ ಇಳಿಯಲೇಬೇಕು. ಬೆಂಗಳೂರಿನಲ್ಲಿಯೇ ನೀರು ಸುಮಾರು 97 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಚಂದ್ರತಾಲದಲ್ಲಿ ಸುಮಾರು 86 ಡಿಗ್ರಿಯಲ್ಲಿ. ಉರಿಯನ್ನು ಎಷ್ಟೇ ಹೆಚ್ಚಿಸಿದರೂ ನೀರು ಬೇಗ ಆವಿಯಾಗುವುದೇ ಹೊರತು ತೆರೆದ ಪಾತ್ರೆಯಲ್ಲಿ ಅದರ ಉಷ್ಣತೆ ಮೇಲೇರದು. 1835ರಲ್ಲಿ ಆಂಡಿಸ್ ಪರ್ವತಗಳನ್ನು ದಾಟುತ್ತಿದ್ದ ಡಾರ್ವಿನನಿಗೂ ಇದೇ ಅನುಭವವಾಯಿತು. ರಾತ್ರಿಯೆಲ್ಲ ಕುದಿಸಿದರೂ ಆಲೂಗೆಡ್ಡೆ ಬೇಯಲಿಲ್ಲ. ಅವನ ಜೊತೆಗಾರರು ತಪ್ಪನ್ನೆಲ್ಲ ಹೊಸ ಪಾತ್ರೆಯ ಮೇಲೆ ಹೊರಿಸಿದರಂತೆ!

ಕುಕ್ಕರಿನ ಉಪಾಯ ಸರಳವಾದುದು. ಅದರ ತೂಕವು ಒಳಗಿನ ಆವಿಯನ್ನು ಹೊರಗಿನ ವಾಯುಭಾರಕ್ಕಿಂತ ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚಿನ ಒತ್ತಡದಲ್ಲಿ ಹಿಡಿದಿಡುತ್ತದೆ. ಆದುದರಿಂದ ಕಡಲ ತೀರದಲ್ಲಿ ಅದರೊಳಗಿನ ನೀರು ಸುಮಾರು 120 ಡಿಗ್ರಿಗೆ ಏರಿದರೆ, ಚಂದ್ರತಾಲದಲ್ಲಿ 113 ಡಿಗ್ರಿಗೆ ಏರುತ್ತದೆ. ಅನ್ನಕ್ಕೆ ಅಷ್ಟು ಸಾಕು.

ಇಷ್ಟನ್ನೂ ನಾವು ಲಾಟೀನಿನ ಬೆಳಕಿನಲ್ಲಿ ಹುಡುಗರಿಗೆ ಉತ್ಸಾಹದಿಂದ ವಿವರಿಸಿದೆವು. ಒಬ್ಬ ಹುಡುಗ ಮಾತ್ರ ಎರಡು ತುತ್ತು ತಿಂದು ತಟ್ಟೆಯನ್ನು ಬದಿಗೆ ಸರಿಸಿದ. ಮೊದಲಿನ ಅರೆಬೆಂದ ಅಗುಳು ಅವನ ಹಸಿವನ್ನು ಕೆಡಿಸಿರಬೇಕೆಂದು ನಾವು ಭಾವಿಸಿದೆವು.

ತಿಳಿಯಾದ ಆಕಾಶ, ಕೊರೆಯುವ ಚಳಿ

ಊಟವಾದ ಮೇಲೆ ಹೊರಗೆ ಬಂದೆವು. ಆಕಾಶಗಂಗೆ ಬೆಟ್ಟದಿಂದ ಬೆಟ್ಟಕ್ಕೆ ಕಟ್ಟಿದ ಸೇತುವೆಯಂತಿತ್ತು. ನಕ್ಷತ್ರಗಳ ಬೆಳಕನ್ನು ಹೀರಿ ಚದರಿಸುವ ಗಾಳಿ, ತೇವ, ಧೂಳುಗಳು ಅಲ್ಲಿ ಬಹಳ ಕಡಮೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ತನ್ನ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ ಸ್ಥಾಪಿಸಿರುವುದು ಈ ಕಾರಣದಿಂದಲೇ. ಆ ಎತ್ತರದಲ್ಲಿ ರಾತ್ರಿಯಿಡೀ ಕುಳಿತಿರುವುದು ಕಷ್ಟ. ಆದುದರಿಂದ ಖಗೋಳಜ್ಞರು ಉಪಗ್ರಹದ ಮೂಲಕ ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ಅದನ್ನು ನಡೆಸುತ್ತಾರೆ.

ಆಕಾಶ ತಿಳಿಯಾಗಿರುವುದಕ್ಕೆ ನಾವು ತೆರಬೇಕಾದ ಬೆಲೆ ಚಳಿ. ರಾತ್ರಿಯಲ್ಲಿ ನೆಲವು ಹೊರಸೂಸುವ ಶಾಖವನ್ನು ಹೀರಿ ಹಿಂದಿರುಗಿಸುವ ಕಂಬಳಿಯೆಂದರೆ ಮುಖ್ಯವಾಗಿ ಗಾಳಿಯಲ್ಲಿನ ನೀರಾವಿ. ಚಂದ್ರತಾಲದ ಒಣಗಾಳಿಯಲ್ಲಿ ಈ ಕಂಬಳಿ ತೀರ ತೆಳುವಾದುದು. ನಡುರಾತ್ರಿಯ ಹೊತ್ತಿಗೆ ಡೇರೆಯ ಹೊರಗಿದ್ದ ಬಕೆಟ್ಟಿನ ನೀರಿನ ಮೇಲೆ ಮಂಜುಗಡ್ಡೆಯ ಪೊರೆ ಕಟ್ಟಿತ್ತು. ಸರೋವರವಾದರೋ ಸಂಜೆ ಕಂಡಾಗ ಎಲ್ಲಿಯೂ ಹೆಪ್ಪುಗಟ್ಟಿರಲಿಲ್ಲ. ಅದು ಒಂದು ರಾತ್ರಿಯ ಚಳಿಗೆ ಹೆಪ್ಪುಗಟ್ಟುವಂತಹುದೂ ಅಲ್ಲ. ಮೇಲ್ಮೈಯ ನೀರು ತಣ್ಣಗಾದಂತೆ ಭಾರವಾಗಿ ಕೆಳಗಿಳಿಯುತ್ತದೆ, ಬೆಚ್ಚನೆಯ ನೀರು ಮೇಲಕ್ಕೆ ಬರುತ್ತದೆ. ಇಡೀ ಸರೋವರ 4 ಡಿಗ್ರಿಗೆ ಇಳಿಯುವ ತನಕ ಈ ಕಡೆತ ನಡೆಯುತ್ತದೆ. ಅನಂತರವೇ ಮೇಲಿನ ಪದರ ಇನ್ನಷ್ಟು ತಣ್ಣಗಾಗಿ, ಹಗುರವಾಗಿ, ಮೇಲೆಯೇ ನಿಂತು ಹೆಪ್ಪುಗಟ್ಟಬಲ್ಲದು. ಅಷ್ಟು ಶಾಖವನ್ನು ಕಳೆಯಲು ಒಂದು ರಾತ್ರಿ ಸಾಲದು, ಚಳಿಗಾಲವೇ ಬರಬೇಕು.

ಮುಚ್ಚಿಟ್ಟ ತಲೆನೋವು

ರಾತ್ರಿ ಹತ್ತು ಗಂಟೆಯ ಸುಮಾರಿಗೆ ಊಟ ಬಿಟ್ಟಿದ್ದ ಹುಡುಗ ವಾಂತಿ ಮಾಡಿಕೊಂಡ. ವಿಚಾರಿಸಿದಾಗ ನಿಜ ಹೊರಬಿತ್ತು. ಬಾತಲ್ ದಾಟಿದಾಗಿನಿಂದಲೂ ಅವನಿಗೆ ತಲೆ ಸಿಡಿಯುತ್ತಿತ್ತು. “ಹೇಳಿದರೆ ಎಲ್ಲರೂ ಹಿಂದಿರುಗಬೇಕಾಗುತ್ತದೆ ಎಂದು ಸುಮ್ಮನಿದ್ದೆ ಸರ್” ಎಂದ.

ತಪ್ಪು ಅವನದಲ್ಲ, ನಮ್ಮದು. ಹಿಂದಿನ ರಾತ್ರಿ ನಾವು ತಂಗಿದ್ದ ಮನಾಲಿಯ ಎತ್ತರ ಸುಮಾರು 2,050 ಮೀಟರ್. ಒಂದು ದಿನವನ್ನು ಉಳಿಸುವ ಆಸೆಯಿಂದ ಒಂದೇ ಹಗಲಿನಲ್ಲಿ 2,200 ಮೀಟರ್ ಏರಿಬಂದಿದ್ದೆವು. ವಾಯುಭಾರ ಇಳಿದರೆ ಕುದಿಬಿಂದು ಇಳಿಯುವುದೆಂದು ಬಲ್ಲ ನಾವು, ಅದೇ ವಾಯುಭಾರ ಮನುಷ್ಯನ ಎದೆಯಲ್ಲಿಯೂ ಇಳಿಯುವುದೆಂಬುದನ್ನು ಮರೆತಿದ್ದೆವು.

ಎತ್ತರದ ಗಾಳಿಯಲ್ಲಿಯೂ ಆಮ್ಲಜನಕದ ಪ್ರಮಾಣ ಶೇಕಡ 21ರಷ್ಟೇ. ಆದರೆ ರಕ್ತಕ್ಕೆ ಆಮ್ಲಜನಕವನ್ನು ನೂಕುವುದು ಅದರ ಪಾಲಿನ ಒತ್ತಡ. ಇದಲ್ಲದೆ, ಒಳಗೆಳೆದ ಗಾಳಿಯಲ್ಲಿ ದೇಹದ ನೀರಾವಿ ಬೆರೆತು, ಎಲ್ಲಿದ್ದರೂ 47 ಮಿಲಿಮೀಟರಿನಷ್ಟು ಒತ್ತಡವನ್ನು ತನ್ನದಾಗಿಸಿಕೊಳ್ಳುತ್ತದೆ. ಉಳಿದುದರಲ್ಲಿ ಆಮ್ಲಜನಕದ ಪಾಲು ಸಮುದ್ರಮಟ್ಟದಲ್ಲಿ 150 ಮಿಲಿಮೀಟರ್. ಚಂದ್ರತಾಲದಲ್ಲಿ 85 ಮಾತ್ರ. ಮಲೆಬೇನೆಯ ಮೂಲ ಈ ಕೊರತೆಯೇ ಎಂಬುದನ್ನು ಫ್ರೆಂಚ್ ವಿಜ್ಞಾನಿ ಪಾಲ್ ಬೆರ್ 1878ರ ತನ್ನ ಗ್ರಂಥದಲ್ಲಿ ಸ್ಥಾಪಿಸಿದ. ಗಾಳಿಯ ಒತ್ತಡ ತಗ್ಗಿಸಿದ ಕೋಣೆಯೊಳಗೆ ತಾನೇ ಕುಳಿತು, ತಲೆ ಸುತ್ತಿದಾಗ ಆಮ್ಲಜನಕವನ್ನು ಉಸಿರಾಡಿ ಚೇತರಿಸಿಕೊಂಡವನು ಅವನು.

ಶಿಬಿರದಲ್ಲಿದ್ದ ಸಣ್ಣ ಸಿಲಿಂಡರಿನಿಂದ ಹುಡುಗನಿಗೆ ಆಮ್ಲಜನಕ ಕೊಟ್ಟೆವು. ನೆಲದ ಮೇಲೆ ಹಗ್ಗವೊಂದನ್ನು ಚಾಚಿ, ಹಿಮ್ಮಡಿಗೆ ಬೆರಳು ತಾಗುವಂತೆ ಹೆಜ್ಜೆಯಿಟ್ಟು ನಡೆಯಲು ಹೇಳಿದೆವು. ನೇರವಾಗಿಯೇ ನಡೆದ. ಎಚ್ಚರವಾಗಿ ಕಾದು ಕುಳಿತೆವು. ನಾಲ್ಕು ಗಂಟೆಗೆ ಮತ್ತೆ ನಡೆಸಿದಾಗ ಮೂರನೆಯ ಹೆಜ್ಜೆಗೇ ತೂರಾಡಿದ. ಮಿದುಳು ಊದಿಕೊಳ್ಳುತ್ತಿರುವುದರ ಸೂಚನೆಯಿದು. ಕಾಯುತ್ತ ಕುಳಿತರೆ ಪ್ರಾಣಕ್ಕೇ ಅಪಾಯ.

ಇಳಿಯುವುದೇ ಮದ್ದು

ಚಾಲಕನನ್ನು ಎಬ್ಬಿಸಿದೆವು. ಕತ್ತಲಲ್ಲಿ ಆ ರಸ್ತೆಯ ಹಳ್ಳಗಳನ್ನು ದಾಟುವುದು ಹೇಗೆಂದು ನಾವು ಅಂಜಿದೆವು. ಅವನು, “ಈ ಹೊತ್ತೇ ಒಳ್ಳೆಯದು ಸಾಬ್. ಬಿಸಿಲಿಲ್ಲ, ಹಿಮ ಕರಗುವುದಿಲ್ಲ, ಹಳ್ಳದಲ್ಲಿ ನೀರು ಕಡಮೆ” ಎಂದ. ಸೊಗಸಾದ ಭೌತಶಾಸ್ತ್ರ! ಎರಡನೆಯ ಪ್ರಶ್ನೆ, ಎತ್ತ ಹೋಗಬೇಕೆಂಬುದು. ಮನಾಲಿಗೆ ಹಿಂದಿರುಗಲು ಆಗ 3,978 ಮೀಟರಿನ ರೋಹ್ತಾಂಗ್ ಕಣಿವೆಯನ್ನು ಮತ್ತೆ ಏರಬೇಕಾಗಿತ್ತು. ಏರುವುದೇ ರೋಗವಾಗಿರುವಾಗ ಅದು ಸಲ್ಲದು. ಗ್ರಾಂಫೂವಿನಲ್ಲಿ ಬೇರೆ ದಾರಿ ಹಿಡಿದು, ಸುಮಾರು 3,100 ಮೀಟರ್ ಎತ್ತರದ ಕೇಲಾಂಗಿಗೆ ಹೋಗುವುದೆಂದು ನಿಶ್ಚಯಿಸಿದೆವು. ಅಲ್ಲಿ ವಾಯುಭಾರ ಸುಮಾರು 520 ಮಿಲಿಮೀಟರ್.

ಛತ್ರು ದಾಟುವ ಹೊತ್ತಿಗೆ ಹುಡುಗ ಕಣ್ಣು ತೆರೆದು ನೀರು ಕೇಳಿದ. ಕೇಲಾಂಗಿನ ವೈದ್ಯರು ಪರೀಕ್ಷಿಸಿ, ಔಷಧ ಕೊಟ್ಟು, ಎರಡು ದಿನ ಇರಿಸಿಕೊಂಡರು. “ಬೆಳಗಾಗಲೆಂದು ಕಾಯದೆ ಹೊರಟುದು ಒಳ್ಳೆಯದಾಯಿತು” ಎಂದರು.

2020ರಲ್ಲಿ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗನ್ನು ಏರದೆಯೇ ಮನಾಲಿಯಿಂದ ಲಾಹೌಲ್ ಸೀಮೆಗೆ ಹೋಗಬಹುದಾಗಿದೆ. ಆದರೆ ರಸ್ತೆ ಚಿಕ್ಕದಾದಷ್ಟು ಸುಲಭವಾಗಿ ದೇಹ ಎತ್ತರಕ್ಕೆ ಒಗ್ಗದು. ಆದುದರಿಂದ ಹಿಮಾಲಯಕ್ಕೆ ಹೊರಡುವ ತರುಣ ವಾಚಕರು ಇಷ್ಟನ್ನು ನೆನಪಿಡಲಿ: 3,000 ಮೀಟರ್ ದಾಟಿದ ಮೇಲೆ, ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಏರದೆ ವಿಶ್ರಮಿಸಬೇಕು. ತಲೆನೋವನ್ನು ಮುಚ್ಚಿಡಬಾರದು. ನಡಿಗೆ ತಪ್ಪಿದರೆ ಅಥವಾ ಕುಳಿತಲ್ಲಿಯೇ ಏದುಸಿರು ಬಂದರೆ ತಕ್ಷಣ ಇಳಿಯಬೇಕು.

ಗುಂಪನ್ನು ಕರೆದೊಯ್ಯುವ ಹಿರಿಯರಿಗೂ ಒಂದು ಮಾತು. ಅನ್ನ ಬೇಯದಿದ್ದುದಕ್ಕೂ ಹುಡುಗ ಅನ್ನ ಬಿಟ್ಟುದಕ್ಕೂ ಕಾರಣ ಒಂದೇ ಆಗಿತ್ತು. ನಾವು ಮೊದಲನೆಯದನ್ನು ಚೆನ್ನಾಗಿ ವಿವರಿಸಿದೆವು, ಎರಡನೆಯದನ್ನು ಗಮನಿಸಲಿಲ್ಲ. ಎತ್ತರದಲ್ಲಿ ಊಟದ ತಟ್ಟೆಯನ್ನು ಯಾರಾದರೂ ಬದಿಗೆ ಸರಿಸಿದರೆ, ಅಡಿಗೆಯನ್ನು ದೂರುವ ಮೊದಲು ಅವರನ್ನು ವಿಚಾರಿಸಬೇಕು.