ಬ್ರಹ್ಮಗಿರಿಯ ಹಾಡಿ, ಲಂಡನ್ನಿನ ಬೀದಿ

ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಊರಿಗೂ ಬುಡಕಟ್ಟಿನವರ ಹಾಡಿಗೂ ನಡುವಣ ದೂರ ಎಷ್ಟೋ ಕಡೆ ಕೂಗಳತೆಯದೇ ಆದರೂ, ಅದನ್ನು ಕ್ರಮಿಸಿ ಊರವರ ಸರಿಸಮಾನರಾಗಿ ನಿಲ್ಲುವುದು ಜೇನುಕುರುಬರಿಗೂ ಕಾಡುಕುರುಬರಿಗೂ ತಲೆಮಾರುಗಳಿಂದ ದುಸ್ತರವಾಗಿಯೇ ಉಳಿದಿದೆ. ಜೇನು, ಗೆಡ್ಡೆಗೆಣಸು, ಸೊಪ್ಪುಗಳನ್ನಿತ್ತು ಸಲಹುತ್ತಿದ್ದ ಅರಣ್ಯದ ಬಾಗಿಲು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1973ರಲ್ಲಿ ಬಂಡೀಪುರಕ್ಕೆ ಬಂದ ಹುಲಿ ಯೋಜನೆಯೂ ಜಾರಿಯಾದಂತೆ ಅವರ ಪಾಲಿಗೆ ಮುಚ್ಚುತ್ತ ಹೋಯಿತು. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯವು ನೆಲವನ್ನೇ ನುಂಗಿತು. ಕಾಡು ಕೈಬಿಟ್ಟವರನ್ನು ಊರು ಕೈಹಿಡಿಯಲಿಲ್ಲ.

ಮೈಸೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಅವರು ಸಹಪಾಠಿಗಳೊಡಗೂಡಿ 1984ರಲ್ಲಿ ಸ್ಥಾಪಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಇಂತಹ ಹಾಡಿಗಳಲ್ಲೊಂದಾದ ಬ್ರಹ್ಮಗಿರಿಗೆ ಬಂದು ಚಿಕಿತ್ಸೆಯನ್ನು ಆರಂಭಿಸಿತು. ವೈದ್ಯರ ಬಳಿ ಜ್ವರಕ್ಕೆ ಔಷಧವಿತ್ತು. ಕೂಲಿ ದೊರೆಯದ ದಿನದ ಹಸಿವಿಗಾಗಲಿ, ಕಚೇರಿಯ ಮೆಟ್ಟಿಲನ್ನೇರಲು ಅಂಜುವ ಸಂಕೋಚಕ್ಕಾಗಲಿ ಇರಲಿಲ್ಲ. ಆದುದರಿಂದಲೇ ಚಿಕಿತ್ಸೆಯ ಬೆನ್ನಲ್ಲೇ ದನದ ಕೊಟ್ಟಿಗೆಯೊಂದರಲ್ಲಿ ಹಾಡಿಯ ಮಕ್ಕಳಿಗೆ ಪಾಠವೂ ತೊಡಗಿತು. ಅದೇ ಮುಂದೆ ಹೊಸಹಳ್ಳಿಯ ವಸತಿಶಾಲೆಯಾಗಿ ಬೆಳೆಯಿತು, ಕೆಂಚನಹಳ್ಳಿಯಲ್ಲಿಯೂ ಸರಗೂರಿನಲ್ಲಿಯೂ ಆಸ್ಪತ್ರೆಗಳೆದ್ದವು. ಕಟ್ಟಡಗಳಿಗಿಂತ ನನಗೆ ಹಿರಿದಾಗಿ ತೋರುವುದು, ಕೊಡಲು ಬಂದವರು ಮೊದಲು ಕುಳಿತು ಕೇಳಬೇಕಾಯಿತೆಂಬ ಸಂಗತಿ.

ಕೇಳುವುದನ್ನೇ ಉಪಾಸನೆಯಾಗಿಸಿಕೊಂಡ ಒಂದು ಪಂಥ ಇಂಗ್ಲೆಂಡಿನಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಎಂಬಾತನ ಬೋಧನೆಯಿಂದ ಹುಟ್ಟಿದ ಕ್ವೇಕರರ ಸಾಂಪ್ರದಾಯಿಕ ಸಭೆಯಲ್ಲಿ ಪುರೋಹಿತನಿಲ್ಲ, ಮಂತ್ರವಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ, ಅಂತಃಪ್ರೇರಣೆಯಾದವರು ಮಾತ್ರ ಎದ್ದು ನುಡಿಯುತ್ತಾರೆ. ರೇಷ್ಮೆ ನೇಯ್ಗೆಯ ಜೀವನೋಪಾಯ ಕುಸಿದಿದ್ದ ಪೂರ್ವ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ, ರೇಷ್ಮೆ ವ್ಯಾಪಾರಿಯೂ ದೀನಬಂಧುವೂ ಆಗಿದ್ದ ಪೀಟರ್ ಬೆಡ್‌ಫರ್ಡನ ಹೆಸರಿನಲ್ಲಿ ಕ್ವೇಕರರು 1867ರಲ್ಲಿ ಕಟ್ಟಿದ ಸಂಸ್ಥೆ, ಕ್ವೇಕರ್ ಸೋಷಿಯಲ್ ಆಕ್ಷನ್ ಎಂಬ ಹೆಸರಿನಿಂದ ಇಂದಿಗೂ ನಗರದ ಬಡವರ ನಡುವೆ ದುಡಿಯುತ್ತಿದೆ. ಅದರ ಕಾರ್ಯಗಳಲ್ಲೊಂದು ನನ್ನ ಮನಸ್ಸನ್ನು ಕಲಕಿತು: ಮಡಿದವರನ್ನು ಮಣ್ಣು ಮಾಡುವ ವೆಚ್ಚವನ್ನು ಭರಿಸಲಾರದೆ ಸಾಲಕ್ಕೆ ಸಿಲುಕುವ ಕುಟುಂಬಗಳಿಗೆ, ಶಕ್ತ್ಯನುಸಾರವಾಗಿಯೂ ಗೌರವಯುತವಾಗಿಯೂ ಅಂತ್ಯಕ್ರಿಯೆ ನೆರವೇರಿಸುವ ಮಾರ್ಗವನ್ನು ಅದು ತೋರಿಸಿಕೊಡುತ್ತದೆ. ಅಂತಹ ಸಿರಿವಂತ ನಗರದಲ್ಲಿಯೂ ಸಾವು ಬಡವನಿಗೆ ಋಣವಾಗುವುದೆಂಬುದನ್ನು, ಮನೆಯೊಳಗಿನ ದುಃಖಕ್ಕೆ ಕಿವಿಗೊಟ್ಟವರಲ್ಲದೆ ಬೇರೆ ಯಾರು ತಾನೆ ಅರಿತಾರು?

ಆದರೆ ಸೇವೆ ಎಷ್ಟೇ ನಿರ್ಮಲವಾಗಿದ್ದರೂ ಅದು ಹಕ್ಕಿನ ಸ್ಥಾನವನ್ನು ತುಂಬಲಾರದು. 2006ರ ಅರಣ್ಯ ಹಕ್ಕು ಕಾಯಿದೆಯು ಕಾಡಿನ ಮಕ್ಕಳಿಗೆ ಭೂಮಿಯ ಮೇಲೂ ಕಿರು ಅರಣ್ಯೋತ್ಪನ್ನದ ಮೇಲೂ ಅಧಿಕಾರವನ್ನು ಅಂಗೀಕರಿಸಿತು. ಅದನ್ನು ಪಡೆಯಲು ಗ್ರಾಮಸಭೆಯೆದುರು ಅರ್ಜಿಯನ್ನಿಟ್ಟು, ತಾವು ಅಲ್ಲಿಯವರೇ ಎಂಬುದಕ್ಕೆ ಪುರಾವೆಯನ್ನೊದಗಿಸಬೇಕು. ಕಾಗದವನ್ನೇ ಕಾಣದ ಹಾಡಿಯವರು ಎಲ್ಲಿಂದ ತರಬೇಕು ಪುರಾವೆಯನ್ನು? ಕಾಯಿದೆಯ ನಿಯಮಾವಳಿಯು ಹಿರಿಯರ ಬಾಯಿಮಾತನ್ನು ಬರೆದುಕೊಂಡರೆ ಅದನ್ನೂ, ಹಳೆಯ ಬಾವಿ, ದೇವರ ತಾಣ, ಪೂರ್ವಿಕರನ್ನು ಹೂಳಿದ ನೆಲ ಇವುಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತದೆ.