ಘಟ್ಟದ ಬುಡದಲ್ಲಿ ಮನೆಮಂದಿಯ ನಡಿಗೆ

ನವೆಂಬರ್ ಬಂತೆಂದರೆ ನಮ್ಮಲ್ಲಿ ಎರಡು ಕೆಲಸ ಒಟ್ಟಿಗೆ ಸುರುವಾಗುತ್ತದೆ. ಅಡಿಕೆ ಕೊಯ್ಲು ಒಂದು, ನೆಂಟರ ಬರವು ಇನ್ನೊಂದು. ಬೆಂಗಳೂರಿನಿಂದ ಬಂದ ಮಕ್ಕಳು ಮೊದಲ ದಿನ ಅಂಗಳದ ಅಡಿಕೆ ತುಳಿಯುತ್ತಾ ಓಡಿಯಾಡುತ್ತವೆ. ಎರಡನೇ ದಿನ ಅವುಗಳ ಅಪ್ಪ ಕೇಳುತ್ತಾನೆ, "ಭಾವ, ಹತ್ರ ಎಲ್ಲಾದ್ರೂ ಸುಲಭದ ಚಾರಣ ಉಂಟಾ? ಇವಳೂ ಬರ್ತಾಳಂತೆ, ಅತ್ತೆಯೂ ಬರ್ತಾರಂತೆ."

ಉಂಟು. ಬೇಕಾದಷ್ಟು ಉಂಟು. ಆದರೆ ಈ 'ಸುಲಭ' ಎಂಬ ಮಾತಿನಲ್ಲೇ ತಕರಾರು. ಪೇಟೆಯವರ ಲೆಕ್ಕದಲ್ಲಿ ಏರು ಕಡಿಮೆ ಇದ್ದರೆ, ದೂರ ಕಡಿಮೆ ಇದ್ದರೆ ದಾರಿ ಸುಲಭ. ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದಲ್ಲಿ ತೋಟ ಮಾಡಿಕೊಂಡು ಕೂತ ನಮಗೆ ಲೆಕ್ಕವೇ ಬೇರೆ. ಇಲ್ಲಿ ಸುಲಭ-ಕಷ್ಟ ನಿರ್ಧಾರ ಮಾಡುವುದು ಹೊಳೆ. ಸಮತಟ್ಟಾದ ಅರ್ಧ ಗಂಟೆಯ ದಾರಿಯೂ ತಪ್ಪಿದ ಹೊತ್ತಿನಲ್ಲಿ ಹೋದರೆ ಕಷ್ಟವೇ.

ಗೊತ್ತಿಲ್ಲದವರಿಗೆ ಸ್ವಲ್ಪ ಊರಿನ ಪರಿಚಯ. ಕುದುರೆಮುಖದ ಕಡೆಯಿಂದ ಇಳಿದು ಬರುವ ನೇತ್ರಾವತಿ ದಿಡುಪೆ ಸೀಮೆಯಲ್ಲಿ ಬಯಲು ಕಾಣುತ್ತಾಳೆ. ಚಾರ್ಮಾಡಿ ಘಾಟಿಯ ಕಡೆಯಿಂದ ಮೃತ್ಯುಂಜಯ ಹೊಳೆ ಬರುತ್ತದೆ. ಇನ್ನೂ ತೆಂಕಕ್ಕೆ ಶಿಶಿಲದ ಕಡೆ ಕಪಿಲೆ. ಎಲ್ಲ ಕೊನೆಗೆ ನೇತ್ರಾವತಿಯೇ. ಮೂಡಕ್ಕೆ ಗೋಡೆಯಂತೆ ಘಟ್ಟ, ಪಡುವಕ್ಕೆ ಅಡಿಕೆ ತೋಟ, ನಡುವೆ ಹೊಳೆ. ಈ ಹೊಳೆಗಳ ಬದಿಯಲ್ಲಿ ನಮ್ಮ ಹಿರಿಯರು ಸೊಪ್ಪಿಗೆ, ಕಟ್ಟ ಹಾಕಲಿಕ್ಕೆ, ಮದುವೆ-ಮುಂಜಿಗೆ ನಡೆದು ನಡೆದು ಮಾಡಿದ ಕಾಲುದಾರಿಗಳಿವೆ. ಅವುಗಳೇ ನಾನು ಹೇಳುವ ಚಾರಣದ ದಾರಿಗಳು.

ಎಲೆ ತೇಲಿ ಬಂದ ದಿನ

2016ರ ಅಕ್ಟೋಬರ್. ನವರಾತ್ರಿ ರಜೆ. ಮಕ್ಕಳು ನಾಲ್ಕು, ದೊಡ್ಡವರು ಐದು ಜನ, ಜೊತೆಗೆ ನನ್ನ ಅಮ್ಮ. ನಮ್ಮ ತೋಟದಿಂದ ಮೇಲಕ್ಕೆ ಹೊಳೆ ಬದಿಯಲ್ಲಿ ಒಂದು ಮೈಲು ನಡೆದು, ನಡುಹೊಳೆಯ ಹಾಸುಬಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಮೊಣಕಾಲಿನ ಕೆಳಗೆ ನೀರು. ಆಕಾಶ ಸ್ವಚ್ಛ. ಗಂಟೆ ಎರಡೂವರೆ ಇರಬಹುದು. ಮಕ್ಕಳು ನೀರಿಗಿಳಿದು ಕಲ್ಲೇಡಿ ಹುಡುಕುತ್ತಿದ್ದವು.

ಅಮ್ಮ ಇದ್ದಕ್ಕಿದ್ದ ಹಾಗೆ ಹೇಳಿದರು, "ಮಕ್ಕಳನ್ನು ಮೇಲೆ ಹತ್ತಿಸು. ಈಗಲೇ."

"ಎಂತಕ್ಕಮ್ಮ, ಊಟ ಆಗ್ಲಿ."

"ಎಲೆ ಕಾಣುದಿಲ್ವ ನಿಂಗೆ?"

ನೋಡಿದೆ. ಒಣ ಎಲೆ, ಕಡ್ಡಿ, ಸಣ್ಣ ನೊರೆ ಮುದ್ದೆ ಮುದ್ದೆಯಾಗಿ ತೇಲಿ ಬರುತ್ತಿತ್ತು. ಗಾಳಿ ಇಲ್ಲ. ನೀರಿನ ಬಣ್ಣ ಕಣ್ಣ ಚಾದ ಹಾಗೆ ಆಗುತ್ತಾ ಇತ್ತು. ಬುತ್ತಿ ಅಲ್ಲೇ ಬಿಟ್ಟು ಮಕ್ಕಳನ್ನು ಎಳೆದುಕೊಂಡು ದಡ ಹತ್ತಿದೆವು. ಅಮ್ಮನನ್ನು ನಾನೂ ಭಾವನೂ ಹೆಚ್ಚುಕಡಿಮೆ ಹೊತ್ತೇ ತಂದದ್ದು. ಹತ್ತು ನಿಮಿಷ ಆಗಿರಲಿಕ್ಕಿಲ್ಲ, ನಾವು ಕೂತ ಬಂಡೆಯ ಮೇಲೆ ಕೆಂಪು ನೀರು ಓಡುತ್ತಿತ್ತು. ಸ್ಟೀಲಿನ ಬುತ್ತಿ ಪಾತ್ರೆ ಈವರೆಗೆ ಸಿಕ್ಕಿಲ್ಲ.

ನಮ್ಮಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ಘಟ್ಟದ ತಲೆಯಲ್ಲಿ ಗುಡುಗು ಮಳೆ ಸುರಿದಿತ್ತು. ಕಡಿದಾದ ಗುಡ್ಡ, ಉದ್ದ ಇಲ್ಲದ ಹೊಳೆ. ಮೇಲೆ ಬಿದ್ದ ನೀರಿಗೆ ನಮ್ಮವರೆಗೆ ಬರಲು ಹೆಚ್ಚು ಹೊತ್ತು ಬೇಡ. ಅಕ್ಟೋಬರ್-ನವೆಂಬರ್‌ನಲ್ಲಿ, ಮತ್ತೆ ಏಪ್ರಿಲ್-ಮೇಯಲ್ಲಿ ಈ ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಕೃಷಿಕನಾಗಿ ಇದು ನನಗೆ ಗೊತ್ತಿಲ್ಲದ ವಿಷಯವೇ? ಅಂಗಳದ ಅಡಿಕೆಗೆ ಎರಡು ಗಂಟೆಗೇ ಪ್ಲಾಸ್ಟಿಕ್ ಹೊದೆಸುವವ ನಾನು. ಅಡಿಕೆಗೆ ಇದ್ದ ಜಾಗ್ರತೆ ಮಕ್ಕಳಿಗೆ ಇರಲಿಲ್ಲ ಎಂಬುದು ಈಗಲೂ ಚುಚ್ಚುತ್ತದೆ.

ಅಂದಿನಿಂದ ನಮ್ಮ ಮನೆಯ ಕಟ್ಟಳೆ: ಬೆಳಿಗ್ಗೆ ಎಂಟರ ಮೇಲೆ ಹೊರಡುವುದು, ಮಧ್ಯಾಹ್ನ ಒಂದಕ್ಕೆ ಮೊದಲು ಹೊಳೆಯ ನಮ್ಮ ಬದಿಗೆ ದಾಟಿ ಆಗಿರಬೇಕು. ಊಟ ದಡದಲ್ಲಿ, ನಡುಬಂಡೆಯಲ್ಲಲ್ಲ. ಮೇಲೆ ಘಟ್ಟಕ್ಕೆ ಮೋಡ ಕವಿದರೆ ಚರ್ಚೆ ಇಲ್ಲ, ವಾಪಸ್. ಎಲೆ ತೇಲಿ ಬರುವುದು, ನೀರು ಬಣ್ಣ ಬದಲಿಸುವುದು, ಮಣ್ಣಿನ ವಾಸನೆ, ಹೊಳೆಯ ಸದ್ದು ಇದ್ದಕ್ಕಿದ್ದ ಹಾಗೆ ದಪ್ಪ ಆಗುವುದು, ಇವಿಷ್ಟನ್ನು ಮಕ್ಕಳಿಗೆ ಮೊದಲೇ ಹೇಳಿಕೊಡುತ್ತೇವೆ. ಅವು ನಮಗಿಂತ ಬೇಗ ಕಂಡು ಹಿಡಿಯುತ್ತವೆ.

ಸಂಗಮದ ಕಡೆಗೆ

ತೀರಾ ಸಣ್ಣ ಮಕ್ಕಳು, ಮಂಡಿನೋವಿನವರು ಇದ್ದರೆ ನಾನು ಕರೆದುಕೊಂಡು ಹೋಗುವುದು ಪಜಿರಡ್ಕಕ್ಕೆ. ಕಲ್ಮಂಜ ಗ್ರಾಮದಲ್ಲಿ ನೇತ್ರಾವತಿ, ಮೃತ್ಯುಂಜಯ ಎರಡೂ ಸೇರುವ ಜಾಗ. ಸದಾಶಿವರುದ್ರ ದೇವಸ್ಥಾನ ಉಂಟು. ವಾಹನ ದೂರದಲ್ಲೇ ಬಿಟ್ಟು ತೋಟದ ನಡುವೆ ನಡೆದು ಹೋಗಿ. ಏರು ಎಂಬುದೇ ಇಲ್ಲ. ಅಡಿಕೆ ತೋಟದ ನೆರಳಿನಲ್ಲಿ ನಡೆದು ಒಮ್ಮೆಲೇ ಬಯಲಾದ ಹೊಳೆ ಕಾಣುವುದು ಒಂದು ಗಮ್ಮತ್ತು.

ಒಂದು ಹೊಳೆಯ ಮೇಲ್ಭಾಗದಲ್ಲಿ ಮಳೆ ಬಂದು ಇನ್ನೊಂದರದ್ದರಲ್ಲಿ ಬಾರದಿದ್ದರೆ ಸಂಗಮದಲ್ಲಿ ಒಂದು ಬದಿ ಕೆಂಪು, ಒಂದು ಬದಿ ತಿಳಿ. ಘಟ್ಟದಲ್ಲಿ ಎಲ್ಲಿ ಮಳೆ ಎಂದು ಮಕ್ಕಳೇ ಹೇಳುತ್ತವೆ. ಪಾಠ ಪುಸ್ತಕ ಬೇಡ. ಆದರೆ ಇಲ್ಲಿ ಸ್ನಾನಕ್ಕೆ ಇಳಿಯಬೇಡಿ. ಎರಡು ಹೊಳೆ ಸೇರುವಲ್ಲಿ ತಳ ಒಂದೇ ಹಾಗೆ ಇರುವುದಿಲ್ಲ, ಮಳೆಗಾಲ ಕಳೆದ ಮೇಲೆ ಹೊಂಡ ಎಲ್ಲಿ ಸರಿದಿದೆ ಎಂದು ಅಲ್ಲಿಯವರಿಗೆ ಮಾತ್ರ ಗೊತ್ತು.

ಎರ್ಮಾಯಿ ದಾರಿ

ಸ್ವಲ್ಪ ಕಾಲು ಗಟ್ಟಿ ಇದ್ದವರಿಗೆ, ಏಳೆಂಟು ವರ್ಷ ದಾಟಿದ ಮಕ್ಕಳಿಗೆ ಎರ್ಮಾಯಿ ಅರ್ಬಿ. ತುಳುವಿನಲ್ಲಿ ಅರ್ಬಿ ಎಂದರೆ ಜಲಪಾತ. ಉಜಿರೆಯಿಂದ ದಿಡುಪೆ ಕಡೆಗೆ ಹೋಗುವಾಗ ಕಾಜೂರಿನ ಹತ್ತಿರ ಒಳಗೆ ಹೋಗಬೇಕು. ಜೋಡಿ ಎತ್ತು, ತುಳುವಿನ ಎರು, ಇಲ್ಲಿ ಮಾಯವಾಯಿತಂತೆ, ಅದಕ್ಕೆ ಎರ್ಮಾಯಿ ಎಂದು ಹೇಳಿಕೆ. ಉತ್ತವನ ಗತಿ ಏನಾಯಿತೆಂದು ಮಕ್ಕಳು ಪ್ರತಿ ಸಲ ಕೇಳುತ್ತವೆ. ಯಾರ ಹತ್ತಿರವೂ ಉತ್ತರ ಇಲ್ಲ!

ದಾರಿಯಲ್ಲಿ ತೋಟಗಳು, ಮತ್ತೆ ಕಾಡು, ನಡುವೆ ತೋಡು ದಾಟುವುದು. ಈ ದಾಟುವುದೇ ಇಲ್ಲಿ ಮುಖ್ಯ. ಡಿಸೆಂಬರ್-ಜನವರಿಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೋಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಲಪಾತ ಚಂದ, ದಾರಿ ಅಲ್ಲ. ಪಾಚಿ ಹಿಡಿದ ಕಲ್ಲಿಗೆ ರಬ್ಬರ್ ಚಪ್ಪಲಿ ಆಗುವುದಿಲ್ಲ. ಹೊಸ ಕ್ಯಾನ್ವಾಸ್ ಶೂ ಕೂಡ ಜಾರುತ್ತದೆ. ಹಳೇ ಸಾಕ್ಸ್ ಒಂದನ್ನು ಶೂಗಳ ಮೇಲಿನಿಂದ ಎಳೆದುಕೊಂಡರೆ ಹಿಡಿತ ಬರುತ್ತದೆ. ನೋಡಲಿಕ್ಕೆ ಚಂದ ಇಲ್ಲ ಅಷ್ಟೆ.

ಇದೇ ಸೀಮೆಯಲ್ಲಿ 2019ರ ಆಗಸ್ಟ್ 9ರಂದು ಹೊಳೆ ನುಗ್ಗಿದ್ದನ್ನು ನಾವು ಮರೆಯುವ ಹಾಗಿಲ್ಲ. ದಿಡುಪೆ, ಕುಕ್ಕಾವು, ಚಾರ್ಮಾಡಿ ಎಲ್ಲ ಕಡೆ ಗುಡ್ಡ ಜರಿದು, ಇಡೀ ಮರಗಳು ತೇಲಿ ಬಂದು ಸೇತುವೆಗಳಿಗೆ ಅಡ್ಡ ಬಿದ್ದು, ನೀರು ತೋಟಕ್ಕೆ ತಿರುಗಿತು. ಫಲ ಕೊಡುವ ಅಡಿಕೆ ಮರಗಳ ಬುಡದಲ್ಲಿ ಆಳೆತ್ತರದ ಮರಳು. ಹಾಗಾಗಿ ದಾರಿಯಲ್ಲಿ ನೀವು ನೋಡುವ ದೊಡ್ಡ ಮರಳ ಬಯಲು, 'ಬೀಚ್ ಥರ ಉಂಟಲ್ಲ' ಎಂದು ಪೇಟೆ ಮಕ್ಕಳು ಕುಣಿಯುವ ಜಾಗ, ಯಾರದ್ದೋ ತೋಟ ಆಗಿದ್ದಿರಬಹುದು. ಕುಣಿಯುವುದು ಬೇಡ ಎಂದಲ್ಲ. ಮಕ್ಕಳಿಗೆ ಆ ಕತೆ ಹೇಳಿ. ನಾನು ಹೇಳಿದ ದಿನ ತಂಗಿಯ ಮಗ ಮರಳಲ್ಲಿ ಅರ್ಧ ಹೂತು ಹೋದ ಅಡಿಕೆ ಕುತ್ತಿಯನ್ನು ಹುಡುಕಿ ತೋರಿಸಿದ. ಆಮೇಲೆ ದಾರಿಯಿಡೀ ಪ್ರಶ್ನೆ ಕೇಳಿದ್ದೇ ಕೇಳಿದ್ದು.

ಶಿಶಿಲದ ಮೀನು

ಇಡೀ ದಿನ ಕಳೆಯಬೇಕೆಂದಿದ್ದರೆ ಅರಸಿನಮಕ್ಕಿ ದಾಟಿ ಶಿಶಿಲ. ಶಿಶಿಲೇಶ್ವರ ದೇವಸ್ಥಾನದೆದುರು ಕಪಿಲೆಯಲ್ಲಿ ಮೊಣಕೈ ಉದ್ದದ, ಅದಕ್ಕೂ ದೊಡ್ಡ ಮೀನುಗಳು ರಾಶಿ ರಾಶಿ. ಇಂಗ್ಲಿಷರು ಮಹಶೀರ್ ಅಂದದ್ದು, ನಮ್ಮ ಪೆರುವೊಳು. ಮಳೆಗಾಲದಲ್ಲಿ ಚದುರುವ ಇವು ನೀರು ತಿಳಿಯಾದ ಮೇಲೆ ಮತ್ತೆ ಗುಂಡಿಗೆ ಸೇರುತ್ತವೆ. ಹಿಡಿಯುವಂತಿಲ್ಲ. 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ಅದರ ನೆನಪಿಗೆ ಅಲ್ಲೊಂದು ಸ್ಮಾರಕ ಉಂಟು. ಮಕ್ಕಳಿಗೆ ಮೀನಿನ ಜೊತೆ ಅದನ್ನೂ ತೋರಿಸುತ್ತೇನೆ. ಮೀನಿಗೆ ಬಿಸ್ಕತ್ತು, ಕುರುಕಲು ಹಾಕಬೇಡಿ.

ದೇವಸ್ಥಾನದ ಬಳಿಯಿಂದ ಹೊಳೆ ಬದಿಯ ತೋಟಗಳ ನಡುವೆ ಮನಸ್ಸಿದ್ದಷ್ಟು ನಡೆದು ಹಿಂದೆ ಬರಬಹುದು. ಮೂಡಕ್ಕೆ ಎತ್ತಿನ ಭುಜ, ಅಮೇದಿಕಲ್ಲಿನ ತಲೆ ಕಾಣುತ್ತದೆ. ಕಂಡು ಸಂತೋಷಪಟ್ಟರೆ ಸಾಕು. ಅವು ಈ ಬರಹಕ್ಕೆ ಸೇರಿದವಲ್ಲ. ಬಂಡಾಜೆ ಅರ್ಬಿಯ ಏರೂ ಅಷ್ಟೇ. 1,800ಕ್ಕೂ ಹೆಚ್ಚು ಮೆಟ್ಟಿಲಿನ ಗಡಾಯಿಕಲ್ಲನ್ನು ಮೆಟ್ಟಿಲಿದೆ ಎಂಬ ಕಾರಣಕ್ಕೆ ಸುಲಭ ಅನ್ನುವವರುಂಟು. ಇಳಿಯುವಾಗ ಅವರ ಮಂಡಿಯನ್ನು ಕೇಳಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಇಂಥ ಜಾಗಗಳಿಗೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ಆನೆ, ಉಣುಗು, ಉಂಬುಳ

ಶಿಶಿಲ, ಶಿಬಾಜೆ, ನೆರಿಯ, ಚಾರ್ಮಾಡಿ ಕಡೆ ಕಾಡಾನೆ ತೋಟಕ್ಕೆ ಇಳಿಯುವುದು ಈಗ ಹೊಸ ಸುದ್ದಿಯಲ್ಲ. ಹೊರಡುವ ಮೊದಲು ಅಲ್ಲಿನ ಅಂಗಡಿಯಲ್ಲಿ ಕೇಳಿ, "ನಿನ್ನೆ ರಾತ್ರಿ ಉಂಟಾ?" ಅವರಿಗೆ ಅರ್ಥವಾಗುತ್ತದೆ. ಹಸಿ ಲದ್ದಿ, ಆಗಷ್ಟೇ ಸೀಳಿದ ಬಾಳೆ ಕಂಡರೆ ತಿರುಗಿ ಬನ್ನಿ. ಬೆಳಕು ಹರಿಯುವ, ಮುಸ್ಸಂಜೆಯ ಹೊತ್ತು ನಡಿಗೆಗೆ ಬೇಡ.

ಉಂಬುಳ ಮಳೆಗಾಲದ್ದು, ರಕ್ತ ಹೀರಿ ಬಿಡುತ್ತದೆ, ಅಷ್ಟೇ. ಹೆದರಬೇಕಾದ್ದು ಉಣುಗಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 1982-83ರಲ್ಲಿ ನಮ್ಮ ತಾಲೂಕಿನ ನಿಡ್ಲೆ, ಪಟ್ರಮೆ ಕಡೆ ಬಂದು ಜನ ಸತ್ತದ್ದು ಹಿರಿಯರಿಗೆ ನೆನಪಿದೆ. ಅದರ ಕಾಲ ಡಿಸೆಂಬರಿನಿಂದ ಮೇವರೆಗೆ, ಅಂದರೆ ಸರಿಯಾಗಿ ನಡಿಗೆಯ ಕಾಲವೇ. ಮಂಗ ಸತ್ತ ಸುದ್ದಿ ಇದ್ದ ಕಾಡಿಗೆ ಹೋಗಲೇಬೇಡಿ. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು. ತರಗೆಲೆ ಮೇಲೆ ಕೂರುವುದು, ಮಲಗುವುದು ಬೇಡ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬೇರೆ ಒಗೆಯುವುದು, ಮಕ್ಕಳ ಕಿವಿ ಹಿಂದೆ, ಕಂಕುಳು ನೋಡುವುದು. ಒಂದು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋದದ್ದನ್ನು ವೈದ್ಯರಿಗೆ ಹೇಳುವುದು.

ನಮ್ಮ ತಡಮ್ಮೆ

ಕೊನೆಗೊಂದು ಮಾತು, ತೋಟದ ಯಜಮಾನನಾಗಿ. ದಾರಿ ನಮ್ಮ ತೋಟದೊಳಗೆ ಹೋಗುತ್ತದೆ. ನಡೆಯುವವರನ್ನು ನಾವ್ಯಾರೂ ತಡೆಯುವುದಿಲ್ಲ. ಆದರೆ ಹೋದ ವರ್ಷ ಹೊಳೆ ಬದಿಯ ಕಾಳುಮೆಣಸಿನ ಸಾಲಿನಲ್ಲಿ ಒಡೆದ ಬಾಟ್ಲಿ ಮೆಟ್ಟಿ ಕೆಲಸದವನಿಗೆ ಆರು ಹೊಲಿಗೆ ಬಿತ್ತು. ಆ ವಾರವೇ ನೆರೆಕರೆಯ ಇಬ್ಬರು ದಾರಿಗೆ ಬೇಲಿ ಹಾಕುವ ಮಾತೆತ್ತಿದರು. ಒಂದು ಸಲ ಬೇಲಿ ಬಿದ್ದ ಕಾಲುದಾರಿ ಮತ್ತೆ ತೆರೆದದ್ದು ನಾನು ಕಂಡಿಲ್ಲ. ಎರಡು ಮಳೆಗಾಲಕ್ಕೆ ಲಂಟಾನ ಮುಚ್ಚಿ ಬಿಡುತ್ತದೆ.

ಸದ್ಯಕ್ಕೆ ಒಪ್ಪಂದ ಇಷ್ಟು: ಬರುವವರು ಮೊದಲ ಮನೆಯಲ್ಲಿ ಒಂದು ಮಾತು ಹೇಳಿ ಹೋಗಬೇಕು. ತಡಮ್ಮೆ ದಾಟಿದ ಮೇಲೆ ಅದರ ಬಿದಿರು ಮತ್ತೆ ಹಾಕಬೇಕು, ಇಲ್ಲದಿದ್ದರೆ ದನ ಎಳೆ ಸಸಿಗೆ ಬಾಯಿ ಹಾಕುತ್ತದೆ. ಸ್ಪ್ರಿಂಕ್ಲರ್ ಪೈಪಿನ ಮೇಲೆ ನಿಲ್ಲಬಾರದು. ತಂದದ್ದನ್ನು ತೆಗೆದುಕೊಂಡು ಹೋಗಬೇಕು. ಸಂಶಯ ಇದ್ದರೆ ಹೊಳೆ ದಾಟಬಹುದಾ ಎಂದು ಕೇಳಬೇಕು. "ಇವತ್ತು ಬೇಡ" ಅಂದರೆ ವಾದ ಮಾಡಬಾರದು.

ನಾವು ಅಡಿಕೆ ಮರದ ಪಾಲ ಹಾಕುವುದು ಡಿಸೆಂಬರ್ ಮೊದಲ ವಾರ, ಕಟ್ಟ ಕಟ್ಟುವ ಹೊತ್ತಿಗೆ. ಮೇ ಕೊನೆಗೆ ತೆಗೆಯುತ್ತೇವೆ. ಅಮ್ಮನಿಗೆ ಈಗ ಎಂಬತ್ತೆರಡು. ಪಾಲ ದಾಟಿ ಆಚೆ ದಡದ ಹಲಸಿನ ಮರದವರೆಗೆ ಬರುತ್ತಾರೆ. ಅಲ್ಲಿ ಕೂತು ನೀರನ್ನೇ ನೋಡುತ್ತಿರುತ್ತಾರೆ, ಮಕ್ಕಳು ಹಿಂದೆ ಬರುವವರೆಗೆ.